ಹೊಸ ಪಿಸ್ಟನ್ ಹಾಕಿದ ಬ್ಲೋವರ್ ಹನ್ನೆರಡೇ ಗಂಟೆಯಲ್ಲಿ ಮತ್ತೆ ಸೀಜ್ ಆಗಿದ್ದೇಕೆ?

ಪ್ರಶ್ನೆ: ಸಾಗರದ ಹತ್ತಿರ ನಮ್ಮದು ನಾಲ್ಕು ಎಕರೆ ಅಡಿಕೆ ತೋಟ, ಜೊತೆಗೆ ಸೊಪ್ಪಿನ ಬೆಟ್ಟ. ದರಕು (ಉದುರಿದ ಒಣ ಎಲೆ) ಗುಡಿಸಲು ಆಳು ಸಿಗುವುದಿಲ್ಲವೆಂದು ಕಳೆದ ಡಿಸೆಂಬರಿನಲ್ಲಿ ಒಂದು ಕಾಫಿ ಎಸ್ಟೇಟಿನಿಂದ ಬೆನ್ನಿಗೆ ಹೊರುವ ಬ್ಲೋವರ್ ಸೆಕೆಂಡ್‌ಹ್ಯಾಂಡ್ ತಂದೆ. ಟೂ-ಸ್ಟ್ರೋಕ್, ಸುಮಾರು 63 ಸಿಸಿ. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತಿತ್ತು, ಕಾಲು ಗಂಟೆ ಓಡಿದ ಮೇಲೆ ಗಾಳಿ ಕಡಿಮೆಯಾಗುತ್ತಿತ್ತು, ಬಿಸಿ ಇದ್ದಾಗ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಕಂಪ್ರೆಷನ್ (ಸಿಲಿಂಡರಿನೊಳಗೆ ಕಟ್ಟುವ ಒತ್ತಡ) ಇಲ್ಲ ಎಂದು ಹೇಳಿ ಪಿಸ್ಟನ್, ರಿಂಗ್, ಸಿಲಿಂಡರ್ ಮೂರೂ ಹೊಸದು ಹಾಕಿದರು. ಹತ್ತು-ಹನ್ನೆರಡು ಗಂಟೆ ಚೆನ್ನಾಗಿ ಓಡಿತು. ಆಮೇಲೆ ಒಂದು ದಿನ ಬೆಟ್ಟದಲ್ಲಿ ಇದ್ದಕ್ಕಿದ್ದಂತೆ ಜೋರಾಗಿ ಕೂಗಿ ನಿಂತುಹೋಯಿತು. ಈಗ ಹಗ್ಗ ಎಳೆದರೆ ಒಳಗೆ ಉಜ್ಜಿದಂತಾಗುತ್ತದೆ. ಆಯಿಲ್ ಸರಿಯಾಗಿಯೇ ಹಾಕಿದ್ದೆ. ಇನ್ನೊಂದು ಕಿಟ್ ಹಾಕಿಸಲೇ, ಗುಜರಿಗೆ ಕೊಡಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲಿನ ಪಿಸ್ಟನ್ ಯಾವುದರಿಂದ ಹಾಳಾಯಿತು ಎಂಬುದು ಗೊತ್ತಾಗುವವರೆಗೆ ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ತನ್ನಷ್ಟಕ್ಕೆ ಸವೆದು ಮುಗಿಯಲು ನೂರಾರು ಗಂಟೆ ಬೇಕು. ಅದಕ್ಕಿಂತ ಮುಂಚೆ ಹೋದರೆ ಅದನ್ನು ಬೇರೇನೋ ಕೊಂದಿದೆ ಎಂದೇ ಅರ್ಥ. ನಿಮ್ಮ ಮೆಕ್ಯಾನಿಕ್ ಸತ್ತದ್ದನ್ನು ತೆಗೆದು ಹೊಸದನ್ನು ಕೂರಿಸಿದರು, ಕೊಂದದ್ದು ಯಂತ್ರದಲ್ಲೇ ಉಳಿಯಿತು. ಮೂರನೆಯ ಪಿಸ್ಟನ್ನಿಗೂ ಅದೇ ಗತಿ ಆಗುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಜೋರಾಗಿ ಕೂಗಿ ನಿಂತುಹೋಯಿತು' ಎಂಬ ಕಡೆ. ನೀವು ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ತಾನೇ ಏರಿತು ಎಂದರೆ ಪೆಟ್ರೋಲಿಗಿಂತ ಗಾಳಿ ಹೆಚ್ಚಾಯಿತು ಎಂದು. ಟೂ-ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲಿನ ಜೊತೆಯಲ್ಲಿ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಶಾಖವೂ ಹೆಚ್ಚು. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಉಜ್ಜಿ ಅಂಟಿಕೊಳ್ಳಲು, ಅಂದರೆ ಸೀಜ್ ಆಗಲು, ಕೆಲವೇ ಸೆಕೆಂಡು ಸಾಕು. ಒಂದು ಮಾತು ಮಾತ್ರ ನೆನಪು ಮಾಡಿಕೊಳ್ಳಿ: ಆ ಹೊತ್ತಿನಲ್ಲಿ ಪೈಪಿನ ಬಾಯಿ ಮಣ್ಣಿಗೋ ಎಲೆ ರಾಶಿಗೋ ಒತ್ತಿಕೊಂಡಿತ್ತೇ? ಬಾಯಿ ಮುಚ್ಚಿದರೆ ಫ್ಯಾನಿನ ಹೊರೆ ಇಳಿದು ಎಂಜಿನ್ ಏರುತ್ತದೆ, ಅದು ಸಹಜ. ಹಾಗೇನೂ ಇರಲಿಲ್ಲವೆಂದರೆ ನನ್ನ ಅನುಮಾನ ಎರಡರ ಮೇಲೆ. ಒಂದೋ ಎಲ್ಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ, ಇಲ್ಲವೋ ಪೆಟ್ರೋಲ್ ದಾರಿ ಕಟ್ಟಿದೆ.

ಮೊದಲು ಸೈಲೆನ್ಸರ್ ಬಿಚ್ಚಿ. ಎರಡು ಮೂರು ಬೋಲ್ಟಿನ ಕೆಲಸ, ಹತ್ತು ನಿಮಿಷ. ಸೆಕೆಂಡ್‌ಹ್ಯಾಂಡ್ ಯಂತ್ರ ಕೊಳ್ಳುವಾಗಲೂ ಮಾಲೀಕರ ಎದುರಿಗೇ ಇದನ್ನು ಮಾಡಿಸಿ ನೋಡಬೇಕು ಎನ್ನುವುದು ನನ್ನ ಹಟ. ಹೊರಗಿನ ಬಣ್ಣ, ಹಗ್ಗ ಎಳೆದಾಗಿನ ಸದ್ದು ಇವೆಲ್ಲಕ್ಕಿಂತ ಎಕ್ಸಾಸ್ಟ್ ಬಾಯಿಯಿಂದ ಕಾಣುವ ಪಿಸ್ಟನ್ನಿನ ಮೈ ಹೆಚ್ಚು ನಿಜ ಹೇಳುತ್ತದೆ. ಟಾರ್ಚ್ ಹಿಡಿದು, ಹಗ್ಗ ನಿಧಾನಕ್ಕೆ ಎಳೆಯುತ್ತ ಪಿಸ್ಟನ್ ಮೇಲೆ ಕೆಳಗೆ ಆಡಿಸಿ ನೋಡಿ. ಆಮೇಲೆ ಕಾರ್ಬೊರೇಟರ್ ತೆಗೆದು ಇನ್ನೊಂದು ಮಗ್ಗುಲೂ ನೋಡಿ.

ಎಕ್ಸಾಸ್ಟ್ ಕಡೆಗೆ ಮಾತ್ರ ಉದ್ದುದ್ದ ಗೀರು, ರಿಂಗ್ ತಾನು ಕೂರುವ ಗಾಡಿಯಲ್ಲೇ (ಪಿಸ್ಟನ್ ಸುತ್ತಲಿನ ಕಾಲುವೆಯಲ್ಲೇ) ಅಂಟಿಕೊಂಡಿದೆ, ಆದರೆ ಕೆಳಗಿನ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) ಇನ್ನೂ ಆಯಿಲಿನಿಂದ ಒದ್ದೆಯಾಗಿದೆ ಎಂದರೆ ಆಯಿಲ್ ಹಾಕಿದ್ದು ಹೌದು, ಗಾಳಿ ಹೆಚ್ಚಾಗಿ ಬಿಸಿಯಾಗಿದೆ. ನಿಮ್ಮದು ಹೀಗೇ ಇರಬಹುದು ಎಂದು ನನ್ನ ಊಹೆ. ಸುತ್ತಲೂ ಗೀರು, ಎಲ್ಲೂ ಆಯಿಲಿನ ಪಸೆಯಿಲ್ಲ, ಬೇರಿಂಗ್ ಕೂಡ ಒಣಗಿದೆ ಎಂದರೆ ಯಾರೋ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ. ಇನ್‌ಟೇಕ್ ಕಡೆ (ಕಾರ್ಬೊರೇಟರ್ ಮಗ್ಗುಲು) ಹೊಳಪು ಹೋಗಿ ಬೂದು ಬಣ್ಣಕ್ಕೆ ಮಂಕಾಗಿ ಸವೆದಿದ್ದರೆ ಏರ್ ಫಿಲ್ಟರ್ ಮೂಲಕ ಧೂಳು ಹೋಗಿದೆ. ಎಸ್ಟೇಟ್ ರಸ್ತೆ ಗುಡಿಸಿದ ಯಂತ್ರಗಳಲ್ಲಿ ಇದನ್ನು ಬಹಳ ನೋಡುತ್ತೇನೆ. ಫೋಮ್ ಫಿಲ್ಟರ್ ಪುಡಿಯಾಗಿದ್ದರೂ ಅದನ್ನೇ ಕೊಡವಿ ಹಾಕುತ್ತಿರುತ್ತಾರೆ. ಇನ್ನು ನಾಲ್ಕು ಮೂಲೆಯಲ್ಲಿ ನಾಲ್ಕು ಪಟ್ಟಿ ಗೀರಿದ್ದರೆ, ತಣ್ಣಗಿನ ಎಂಜಿನ್‌ಗೆ ಏಕ್‌ದಂ ಫುಲ್ ಕೊಟ್ಟಿದ್ದಾರೆ ಇಲ್ಲವೇ ಸಿಲಿಂಡರಿನ ರೆಕ್ಕೆಗಳ ನಡುವೆ ಎಲೆಪುಡಿ, ಎಣ್ಣೆಜಿಡ್ಡು ಗಟ್ಟಿಯಾಗಿ ಗಾಳಿ ಆಡಿಲ್ಲ. ಮೇಲಿನ ಪ್ಲಾಸ್ಟಿಕ್ ಕವಚ ತೆಗೆಯದೆ ಅದು ಕಾಣುವುದೇ ಇಲ್ಲ. ಅಡಿಕೆ ಅಂಗಳದ ಸಿಪ್ಪೆಯ ನಾರು ಅಲ್ಲಿ ಹತ್ತಿಯಂತೆ ತುಂಬಿರುವುದನ್ನು ನಾನೇ ಕಿತ್ತಿದ್ದೇನೆ.

ಸೈಲೆನ್ಸರ್ ಕೈಯಲ್ಲಿರುವಾಗಲೇ ಅದರೊಳಗಿನ ಜಾಲರಿ ನೋಡಿ. ಕಿಡಿ ತಡೆಯಲು ಹಾಕಿರುವ ಈ ಸಣ್ಣ ಜಾಲರಿಗೆ ಕಾರ್ಬನ್ ಕಟ್ಟಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಐಡ್ಲಿಂಗೂ ನಿಲ್ಲುತ್ತದೆ, ಆದರೆ ಏರುವುದಿಲ್ಲ. 'ಎಂಜಿನ್ ಸವೆದಿದೆ' ಎಂದು ಅರ್ಧ ಬೆಲೆಗೆ ಬಿಕರಿಯಾದ ಎಷ್ಟೋ ಬ್ಲೋವರ್‌ಗಳ ಕಾಯಿಲೆ ಇಷ್ಟೇ. ಗ್ಯಾಸ್ ಒಲೆಯ ಉರಿಯಲ್ಲಿ ಕೆಂಪಗೆ ಕಾಯಿಸಿ, ತಂತಿಬ್ರಷ್ಷಿನಲ್ಲಿ ಉಜ್ಜಿದರೆ ಸ್ವಚ್ಛವಾಗುತ್ತದೆ. ಕೆಲವರು ಜಾಲರಿಯನ್ನೇ ಕಿತ್ತೆಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾರ್ಚ್ ತಿಂಗಳಲ್ಲಿ ಮೊಣಕಾಲು ಮಟ್ಟ ಒಣ ದರಕಿನ ನಡುವೆ ನಿಂತು ಕೆಲಸ ಮಾಡುವ ಯಂತ್ರ ಅದು. ಒಂದು ಕಿಡಿಗೆ ಇಡೀ ಬೆಟ್ಟ ಹೋಗುತ್ತದೆ.

ಕಂಪ್ರೆಷನ್ ಬಗ್ಗೆ ಒಂದೆರಡು ಮಾತು. ನಿಮ್ಮ ಮೆಕ್ಯಾನಿಕ್ ಗೇಜ್ ಹಾಕಿ ನೋಡಿದರೋ, ಹಗ್ಗದ ಭಾರ ನೋಡಿ ಹೇಳಿದರೋ ಗೊತ್ತಿಲ್ಲ. ಗೇಜ್ ಹಾಕಿದರೂ ಕಾರಿನ ಉದ್ದ ಪೈಪಿನ ಗೇಜ್ ಇಂಥ ಸಣ್ಣ ಎಂಜಿನ್‌ಗೆ ಸುಳ್ಳು ಹೇಳುತ್ತದೆ. ಆ ಪೈಪಿನ ಒಳಜಾಗವೇ ದಹನಕೋಣೆಯ ದೊಡ್ಡ ಪಾಲಿನಷ್ಟಿರುತ್ತದಲ್ಲ, ಮುಳ್ಳು ಮೇಲೇರುವುದೇ ಇಲ್ಲ. ಒಮ್ಮುಖ ವಾಲ್ವ್ ಪ್ಲಗ್ಗಿನ ತುದಿಯಲ್ಲೇ ಇರುವ ಗೇಜ್ ಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿ, ಚೋಕ್ ತೆಗೆದು, ಮುಳ್ಳು ನಿಲ್ಲುವವರೆಗೆ ಏಳೆಂಟು ಸಲ ಎಳೆಯಿರಿ. 120ರಿಂದ 150 ಪಿಎಸ್‌ಐ ಬಂದರೆ ಆರೋಗ್ಯವಾಗಿದೆ. 90ರ ಕೆಳಗೆ ಹೋದರೆ ಬಿಸಿ ಇದ್ದಾಗ ಸ್ಟಾರ್ಟ್ ಆಗುವುದು ಕಷ್ಟ. ಪ್ಲಗ್ ತೂತಿಗೆ ನಾಲ್ಕು ಹನಿ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಚೆನ್ನಾಗಿ ಮೇಲೆ ಬಂದರೆ ರಿಂಗ್ ಅಥವಾ ಬೋರ್ ಸವೆದಿದೆ.

ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದಕ್ಕೆ ಇನ್ನೆರಡು ಕಾರಣಗಳಿವೆ, ಎರಡಕ್ಕೂ ಎಂಜಿನ್ ಬಿಚ್ಚಬೇಕಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿದಾರಿ ಕಟ್ಟಿದ್ದರೆ ಕಾಲು ಗಂಟೆಯಲ್ಲಿ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ 'ಸುಸ್' ಎಂದು ಗಾಳಿ ಎಳೆದುಕೊಂಡು ಎಂಜಿನ್ ಚೇತರಿಸಿಕೊಂಡರೆ ಕಳ್ಳ ಸಿಕ್ಕ. ಇನ್ನೊಂದು, ಕಾಯಿಲ್. ತಣ್ಣಗಿದ್ದಾಗ ಕಿಡಿ ಕೊಟ್ಟು ಕಾದ ಮೇಲೆ ಕೊಡದ ಕಾಯಿಲ್‌ಗಳಿವೆ. ಬಿಸಿಯಲ್ಲಿ ನಿಂತ ಕೂಡಲೇ ಪ್ಲಗ್ ಬಿಚ್ಚಿ ಕಿಡಿ ನೋಡಬೇಕು, ಮನೆಗೆ ತಂದು ನೋಡಿದರೆ ಅಷ್ಟರಲ್ಲಿ ಅದು ತಣ್ಣಗಾಗಿ ಸರಿಹೋಗಿರುತ್ತದೆ. ನಿಮ್ಮ ಯಂತ್ರದ ಮೊದಲ ಕಾಯಿಲೆ ಇವೆರಡರಲ್ಲಿ ಒಂದಾಗಿದ್ದು, ಕಿಟ್ ಹಾಕುವ ಅಗತ್ಯವೇ ಇರಲಿಲ್ಲ ಎನ್ನುವ ಸಾಧ್ಯತೆಯೂ ಇದೆ.

ಈಗ ಕಳ್ಳಗಾಳಿಯ ವಿಚಾರ. ಇದರ ಮೇಲೆ ನಾನು ಹೆಚ್ಚು ಒತ್ತು ಕೊಡಲು ಕಾರಣವಿದೆ. ವರ್ಷಗಳ ಹಿಂದೆ ನಾನೂ ಒಬ್ಬ ಕೃಷಿಕರ ಬ್ಲೋವರಿಗೆ ಹೊಸ ಪಿಸ್ಟನ್ ಹಾಕಿ ಕಳಿಸಿದ್ದೆ. ಮೂರು ವಾರಕ್ಕೆ ಅದು ಅದೇ ಗೀರಿನೊಂದಿಗೆ ವಾಪಸು ಬಂತು. ಫ್ಯಾನ್ ಕಡೆಯ ಆಯಿಲ್ ಸೀಲಿನ ತುಟಿ ಗಟ್ಟಿಯಾಗಿ ಕೂದಲೆಳೆಯಷ್ಟು ಸೀಳಿತ್ತು. ಆ ನಷ್ಟವನ್ನು ನಾನೇ ಭರಿಸಿದೆ. ಅಂದಿನಿಂದ ಲೀಕ್ ಪರೀಕ್ಷೆ ಮಾಡದೆ ಒಂದು ಕಿಟ್ಟನ್ನೂ ಕೂರಿಸಿಲ್ಲ.

ಟೂ-ಸ್ಟ್ರೋಕಿನ ಕ್ರ್ಯಾಂಕ್ ಪೆಟ್ಟಿಗೆಯೂ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಅದು ಕಾರ್ಬೊರೇಟರಿನಿಂದ ಮಿಶ್ರಣ ಎಳೆದುಕೊಳ್ಳಬೇಕು. ಸೀಲ್, ಪ್ಯಾಕಿಂಗ್, ಕಾರ್ಬೊರೇಟರ್ ಕೂರುವ ಇನ್ಸುಲೇಟರ್ ಇವುಗಳಲ್ಲಿ ಎಲ್ಲಿ ಬಿರುಕಿದ್ದರೂ ಅಲ್ಲಿಂದ ಬರೀ ಗಾಳಿ ನುಗ್ಗುತ್ತದೆ. ಎರಡು ಮಳೆಗಾಲ ಕೊಟ್ಟಿಗೆಯ ಅಟ್ಟದಲ್ಲಿ ಸುಮ್ಮನೆ ಕೂತ ಯಂತ್ರದಲ್ಲಿ ಶಾಫ್ಟಿಗೆ ತುಕ್ಕು ಹಿಡಿದು, ಮೊದಲ ದಿನ ಓಡಿಸಿದಾಗಲೇ ಆ ತುಕ್ಕು ಸೀಲಿನ ತುಟಿಯನ್ನು ಅರದಂತೆ ಉಜ್ಜಿಹಾಕುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು.

ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಹಳೆಯ ಬೈಕ್ ಟ್ಯೂಬಿನಿಂದ ಒಂದು ತುಂಡು ಕತ್ತರಿಸಿ, ಸೈಲೆನ್ಸರಿಗೂ ಸಿಲಿಂಡರಿಗೂ ನಡುವೆ ಇಟ್ಟು ಬೋಲ್ಟ್ ಬಿಗಿಮಾಡಿ. ಅದೇ ಟ್ಯೂಬಿನಲ್ಲಿ ವಾಲ್ವ್ ಇರುವ ಭಾಗವನ್ನು ಕತ್ತರಿಸಿ ವಾಲ್ವಿನ ಒಳಸೂಜಿ ತೆಗೆಯಿರಿ. ಕಾರ್ಬೊರೇಟರ್ ಜಾಗಕ್ಕೆ ಆ ರಬ್ಬರ್, ಅದರ ಮೇಲೆ ವಾಲ್ವಿಗೆ ತೂತು ಹೊಡೆದ ಮೂರು ಮಿಲಿಮೀಟರ್ ತಗಡು, ಎರಡನ್ನೂ ಒಟ್ಟಿಗೆ ಬಿಗಿಯಿರಿ. ಪ್ಲಗ್ ಇದ್ದಲ್ಲೇ ಇರಲಿ. ಪಿಸ್ಟನ್ ಮೇಲಕ್ಕೆ ತನ್ನಿ, ಆಗ ಇನ್‌ಟೇಕ್ ಬಾಯಿ ಕ್ರ್ಯಾಂಕಿಗೆ ತೆರೆದಿರುತ್ತದೆ. ಹಳೆಯ ಬಿಪಿ ನೋಡುವ ಉಪಕರಣದ ರಬ್ಬರ್ ಬುರುಡೆ ಮತ್ತು ಮುಳ್ಳಿನ ಗಡಿಯಾರವನ್ನು ವಾಲ್ವಿಗೆ ಜೋಡಿಸಿ 250ರವರೆಗೆ ಊದಿ. ಅದು ಹತ್ತಿರ ಹತ್ತಿರ ಬಾರ್‌ನ ಮೂರನೇ ಒಂದು ಪಾಲು. ಅರ್ಧ ನಿಮಿಷದಲ್ಲಿ ಮುಳ್ಳು 200ರ ಕೆಳಗೆ ಇಳಿಯದಿದ್ದರೆ ನಾನು ಪಾಸು ಮಾಡುತ್ತೇನೆ. ಇಳಿದರೆ ಸೋಪು ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಕ್ರ್ಯಾಂಕನ್ನು ಸ್ವಲ್ಪ ಅತ್ತಿತ್ತ ತಿರುಗಿಸಿಯೂ ನೋಡಬೇಕು, ಒಂದೇ ಜಾಗದಲ್ಲಿ ಸೋರುವ ಸೀಲುಗಳಿರುತ್ತವೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಒಳಗಿನಿಂದ ಊದಿದಾಗ ಸೀಲಿನ ತುಟಿ ಶಾಫ್ಟಿಗೆ ಇನ್ನಷ್ಟು ಒತ್ತಿಕೊಂಡು ಸೋರುವುದು ನಿಂತುಬಿಡಬಹುದು, ಎಳೆದಾಗ ಮಾತ್ರ ಬಾಯಿ ಬಿಡುತ್ತದೆ.  ಅದಕ್ಕೆ ಬ್ರೇಕ್ ಆಯಿಲ್ ಎಳೆಯುವ ಕೈಪಂಪು ಬೇಕು, ಕಾರ್ ಗ್ಯಾರೇಜುಗಳಲ್ಲಿ ಇರುತ್ತದೆ. 0.5 ಬಾರ್ ನಿರ್ವಾತ ಕೊಟ್ಟು 20 ಸೆಕೆಂಡ್ ಕಾಯಿರಿ, 0.3ಕ್ಕಿಂತ ಕೆಳಗೆ ಬಿದ್ದರೆ ಸೀಲ್ ಬದಲಿಸಲೇಬೇಕು. ಸೀಲಿನ ಮೇಲೆ ಒಳಸುತ್ತು, ಹೊರಸುತ್ತು, ದಪ್ಪ ಮೂರೂ ಅಚ್ಚಾಗಿರುತ್ತವೆ, ಬೇರಿಂಗ್ ಅಂಗಡಿಯಲ್ಲಿ ಅದೇ ಅಳತೆ ಸಿಗುತ್ತದೆ. ಒಂದು ಕಡೆಯದು ಹೋಗಿದ್ದರೂ ಎರಡೂ ಹಾಕಿ.

ಪೆಟ್ರೋಲ್ ದಾರಿಯನ್ನು ನೋಡುವುದು ಸುಲಭ. ಟ್ಯಾಂಕಿನೊಳಗಿನ ಫಿಲ್ಟರ್, ಪೈಪು, ಪ್ರೈಮರ್ ಬುರುಡೆ ಇವೆಲ್ಲ ಕಡಿಮೆ ಬೆಲೆಯವು, ಸೆಕೆಂಡ್‌ಹ್ಯಾಂಡ್ ತಂದ ದಿನವೇ ಬದಲಿಸಿಬಿಡಬೇಕು. ಕಾರ್ಬೊರೇಟರಿನೊಳಗಿನ ತೆಳು ಡಯಾಫ್ರಂ ಬೆರಳಲ್ಲಿ ಮುಟ್ಟಿದರೆ ಮೆತ್ತಗೆ ಬಾಗಬೇಕು. ಹಪ್ಪಳದಂತೆ ಸದ್ದು ಮಾಡಿದರೆ ಅದರ ಕಾಲ ಮುಗಿದಿದೆ.

'ಆಯಿಲ್ ಸರಿಯಾಗಿಯೇ ಹಾಕಿದ್ದೆ' ಎಂದಿದ್ದೀರಿ, ನಂಬುತ್ತೇನೆ. ಆದರೂ ಆಯಿಲ್ ಹಾಕಿದ್ದು ಎಂಜಿನ್‌ಗೆ ತಲುಪದಿರುವ ಒಂದು ದಾರಿ ಇದೆ. ನಮ್ಮಲ್ಲಿ 2023ರಿಂದ ಹಂತಹಂತವಾಗಿ ಬಂದಿರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಬಹುಪಾಲು ಸಣ್ಣ ಎಂಜಿನ್‌ಗಳ ಕೈಪಿಡಿಯಲ್ಲಿ ಹೇಳಿರುವ ಮಿತಿ ಶೇ 10. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಕ್ಯಾನಿಗೆ ನೀರು ಸೇರಿ ಒಂದು ಮಟ್ಟ ದಾಟಿದರೆ ಎಥನಾಲೂ ನೀರೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಬಿದ್ದಿರುವುದು ತಳದಲ್ಲಿ! ಮಿಶ್ರಣವನ್ನು ಒಂದು ಗಾಜಿನ ಬಾಟಲಿಗೆ ಹಾಕಿ ಒಂದು ಗಂಟೆ ಇಟ್ಟು ನೋಡಿ, ಎರಡು ಪದರ ಕಂಡರೆ ಚೆಲ್ಲಬೇಕಾದದ್ದೇ. ಇನ್ನೊಂದು, ಎಥನಾಲಿನಲ್ಲಿ ಆಮ್ಲಜನಕ ಸೇರಿಯೇ ಇರುವುದರಿಂದ ಹಳೆಯ ಪೆಟ್ರೋಲಿಗೆ ಟ್ಯೂನ್ ಮಾಡಿದ ಕಾರ್ಬೊರೇಟರಿಗೆ ಈಗಿನದು ತೆಳುವಾಗುತ್ತದೆ. ಮೊದಲೇ ಕಳ್ಳಗಾಳಿ ಇರುವ ಎಂಜಿನ್‌ಗೆ ಇದೂ ಸೇರಿದರೆ ಉಳಿಗಾಲವಿಲ್ಲ. ಲೀಟರಿಗೆ 20 ಮಿ.ಲೀ. ಎಂದರೆ 50ಕ್ಕೆ 1, 40 ಮಿ.ಲೀ. ಎಂದರೆ 25ಕ್ಕೆ 1. ಡಬ್ಬಿಯ ಮೇಲೆ ಜಾಸೊ ಎಫ್‌ಡಿ ಎಂದಿರುವ ಒಳ್ಳೆಯ 2ಟಿ ಆಯಿಲಾದರೆ ಕೈಪಿಡಿ ಹೇಳಿದ 50ಕ್ಕೆ 1 ಸಾಕು. ಅಳೆಯಲು ಸಿರಿಂಜ್ ಬಳಸಿ, ಮುಚ್ಚಳದ ಲೆಕ್ಕ ನಂಬಬೇಡಿ.

ಕಾರಣ ಸಿಕ್ಕಿತು ಎಂದಿಟ್ಟುಕೊಳ್ಳಿ. ಇನ್ನು ಉಳಿಸುವುದು ಏನನ್ನು? ಹನ್ನೆರಡು ಗಂಟೆಯಷ್ಟೇ ಓಡಿದ ಸಿಲಿಂಡರ್ ಬಹುಶಃ ಉಳಿಯುತ್ತದೆ. ಬೋರಿನಲ್ಲಿ ಗೀರಿನಂತೆ ಕಾಣುವುದು ಹೆಚ್ಚಾಗಿ ಪಿಸ್ಟನ್ನಿನಿಂದ ಹತ್ತಿಕೊಂಡ ಅಲ್ಯೂಮಿನಿಯಂ, ಕೆಳಗಿನ ಗಟ್ಟಿ ಲೇಪನ ಹಾಗೇ ಇರುತ್ತದೆ. ಲೇಪನ ಯಾವುದು ಎಂದು ಮೊದಲು ನೋಡಿ. ಬೂದು ಛಾಯೆ, ಅಡ್ಡಡ್ಡ ಸಣ್ಣ ಗೆರೆಗಳಿದ್ದರೆ ನಿಕಾಸಿಲ್. ಕನ್ನಡಿಯಂತೆ ಹೊಳೆದರೆ ಕ್ರೋಮ್. ನಿಕಾಸಿಲ್ ಆದರೆ ಕಕ್ಕಸು ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡ್ಡನ್ನು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಅದ್ದಿ ಅಂಟಿದ ಜಾಗಕ್ಕೆ ಮಾತ್ರ ಮುಟ್ಟಿಸಿ. ನೊರೆ ಬರುತ್ತದೆ, ಒರೆಸಿ ಮತ್ತೆ ಹಚ್ಚಿ. ನೊರೆ ನಿಂತರೆ ಅಲ್ಯೂಮಿನಿಯಂ ಮುಗಿಯಿತು. ನಿಲ್ಲದೇ ಬರುತ್ತಲೇ ಇದ್ದರೆ ಲೇಪನ ಕಿತ್ತುಹೋಗಿ ಸಿಲಿಂಡರನ್ನೇ ತಿನ್ನುತ್ತಿದೆ, ಆ ಸಿಲಿಂಡರ್ ಬಿಟ್ಟುಬಿಡಿ. ಪೋರ್ಟುಗಳ (ಗಾಳಿ, ಹೊಗೆ ಹಾಯುವ ಕಿಂಡಿಗಳ) ಒಳಗೆ ಲೇಪನ ಇರುವುದಿಲ್ಲ, ಅಲ್ಲಿಗೆ ಹನಿ ಬೀಳಬಾರದು. ಕೈಗವಸು, ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಮಾಡಿ. ಆ ನೊರೆಯಲ್ಲಿ ಏಳುವುದು ಜಲಜನಕ, ಹತ್ತಿರ ಬೀಡಿ-ಬೆಂಕಿ ಬೇಡ. ಕೊನೆಗೆ ಅಡಿಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು ತಕ್ಷಣ ಆಯಿಲ್ ಸವರಿ. ಕ್ರೋಮ್ ಆಗಿದ್ದರೆ ಆ್ಯಸಿಡ್ ಮುಟ್ಟಿಸಲೇಬೇಡಿ, ಅದು ಕ್ರೋಮನ್ನೇ ಕರಗಿಸುತ್ತದೆ. ನಯ ಎಮರಿ ಕಾಗದಕ್ಕೆ ಆಯಿಲ್ ಹಚ್ಚಿ ತಾಳ್ಮೆಯಿಂದ ಉಜ್ಜುವುದೊಂದೇ ದಾರಿ. ಲೇತ್ ಅಂಗಡಿಗೆ ಬೋರ್ ಮಾಡಲು ಕೊಡುವುದು ಬೀಡು ಕಬ್ಬಿಣದ ಸಿಲಿಂಡರಿಗೆ ಸರಿ, ಲೇಪನದ ಸಿಲಿಂಡರಿಗೆ ಅಲ್ಲ.

ಆಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲಕ್ಕೆ ಕೆಳಕ್ಕೆ ಎಳೆದು ಒತ್ತಿ ನೋಡಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಮೇಲೆ ಕೆಳಗೆ ಟಕ್ ಎಂದರೆ ಕ್ರ್ಯಾಂಕ್ ಹೋಗಿದೆ. ಬೇರಿಂಗ್ ತಿರುಗಿಸಿದಾಗ ಮರಳಿದ್ದಂತೆ ಅನ್ನಿಸಿದರೂ ಬದಲಿಸಿ. ಅದರ ಮೇಲೆ 6202 ಎಂಬಂಥ ನಂಬರ್ ಇರುತ್ತದೆ, ಅದರ ಜೊತೆ ಸಿ3 ಎಂದಿದ್ದರೆ ಸಿ3ಯನ್ನೇ ಕೇಳಿ ತನ್ನಿ. ಸೀಜ್ ಆದ ಎಂಜಿನ್‌ನ ಕ್ರ್ಯಾಂಕ್ ಪೆಟ್ಟಿಗೆಯಲ್ಲಿ ಅಲ್ಯೂಮಿನಿಯಂ ಪುಡಿ ಉಳಿದಿರುತ್ತದೆ, ಪೆಟ್ರೋಲಿನಲ್ಲಿ ಮೂರ್ನಾಲ್ಕು ಸಲ ತೊಳೆಯದೆ ಹೊಸ ಪಿಸ್ಟನ್ ಕೂರಿಸಬಾರದು.

ಜೋಡಿಸುವಾಗ ರಿಂಗನ್ನು ಮೊದಲು ಬರೀ ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಿಂದ ಒಂದಿಂಚು ನೇರ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ಅಳೆಯಿರಿ. ಈ ಗಾತ್ರದ ಬೋರಿಗೆ 0.2 ಮಿ.ಮೀ. ಆಸುಪಾಸು ಇರಬೇಕು, 0.6 ದಾಟಿದ ರಿಂಗ್ ಬೇಡ. ಪಿಸ್ಟನ್ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ, ರಿಂಗಿನ ಬಾಯಿ ಗಾಡಿಯಲ್ಲಿರುವ ಸಣ್ಣ ಗೂಟಕ್ಕೆ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್ನಿನ ಲಾಕ್ ಒಮ್ಮೆ ತೆಗೆದರೆ ಮತ್ತೆ ಹಾಕಬೇಡಿ. ಹತ್ತು ರೂಪಾಯಿಯ ಲಾಕ್ ಕಳಚಿಕೊಂಡರೆ ಸಿಲಿಂಡರ್ ಸೀಳಿಹಾಕುತ್ತದೆ. ಜೋಡಿಸಿದ ಮೇಲೆ ಲೀಕ್ ಪರೀಕ್ಷೆ ಇನ್ನೊಮ್ಮೆ. ಮ್ಯಾಗ್ನೆಟ್ಟಿಗೂ ಕಾಯಿಲಿಗೂ ನಡುವೆ 0.3 ಮಿ.ಮೀ., ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದು ಬಿಡಿ.

ಟ್ಯೂನಿಂಗನ್ನು ಪೈಪು, ಮೂತಿ ಎಲ್ಲ ಜೋಡಿಸಿ, ಕೆಲಸಕ್ಕೆ ಹೊರಟ ಹಾಗೇ ಮಾಡಬೇಕು. ಫ್ಯಾನೇ ಈ ಎಂಜಿನ್‌ನ ಹೊರೆ. ಪೈಪು ಬಿಚ್ಚಿಟ್ಟು ಮೇಜಿನ ಮೇಲೆ ಟ್ಯೂನ್ ಮಾಡಿದರೆ ಹೊರೆಯೇ ಬೇರೆಯಾಗಿ, ತೋಟದಲ್ಲಿ ಲೆಕ್ಕ ತಪ್ಪುತ್ತದೆ. ಕಾರ್ಬೊರೇಟರಿನಲ್ಲಿ ಜೋರು ಓಟದ ಪೆಟ್ರೋಲ್ ಹೊಂದಿಸುವ 'ಎಚ್' ಸ್ಕ್ರೂ ನಿಧಾನಕ್ಕೆ ಒಳಕ್ಕೆ ತಿರುಗಿಸುತ್ತ ಸದ್ದು ಅತಿ ಏರುವ ಜಾಗ ಕಂಡುಹಿಡಿದು, ಅಲ್ಲಿಂದ ಎಂಟನೇ ಒಂದು ಸುತ್ತು ಹೊರಕ್ಕೆ ತನ್ನಿ. ಸದ್ದು ಸ್ವಲ್ಪ ದಪ್ಪವಾಗಲಿ, ಹೊಗೆ ತುಸು ಕಾಣಲಿ. ಮೊದಲ ಎರಡು ಟ್ಯಾಂಕ್ ಮುಗಿಯುವವರೆಗೆ ಫುಲ್ ಆಕ್ಸಿಲರೇಟರ್‌ನಲ್ಲಿ ಒಂದೇ ಸಮನೆ ಓಡಿಸದೆ ಏರಿಸಿ ಇಳಿಸಿ ಓಡಿಸಿ.

ನಿಮ್ಮದು ಟೂ-ಸ್ಟ್ರೋಕ್ ಎಂದು ನೀವು ಹೇಳಿದ್ದನ್ನು ನಂಬಿ ಇಷ್ಟು ಬರೆದಿದ್ದೇನೆ. ಲೇಬಲ್ ಒಮ್ಮೆ ನೋಡಿ. ಸ್ಟಿಲ್ ಬಿಆರ್ 600ರಂಥ 64.8 ಸಿಸಿ ಬ್ಲೋವರ್‌ಗಳಿಗೂ ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕುತ್ತಾರೆ, ಆದರೆ ಒಳಗಿರುವುದು ವಾಲ್ವಿನ ಫೋರ್-ಸ್ಟ್ರೋಕ್. ಅದರಲ್ಲಿ ಬಿಸಿಗೆ ಸ್ಟಾರ್ಟ್ ಆಗದಿದ್ದರೆ ಪಿಸ್ಟನ್ ಮುಟ್ಟುವ ಮುಂಚೆ ವಾಲ್ವ್ ಸಂದು 0.10 ಮಿ.ಮೀ. ಇದೆಯೇ ನೋಡಬೇಕು.

ಖರ್ಚಿನ ಲೆಕ್ಕಕ್ಕೆ ಬಂದರೆ, ಸೀಲು, ಪಿಸ್ಟನ್, ಕಾರ್ಬೊರೇಟರ್ ಕಿಟ್ ಇಷ್ಟರಲ್ಲಿ ಮುಗಿದರೆ ಕಣ್ಣುಮುಚ್ಚಿ ಮಾಡಿಸಿ, 63 ಸಿಸಿಯ ಯಂತ್ರ ಇನ್ನೂ ಹತ್ತು ವರ್ಷ ದುಡಿಯುತ್ತದೆ. ರಾಡ್ ಟಕ್ ಎನ್ನುತ್ತಿದ್ದು, ಜೊತೆಗೆ ಬೋರಿನ ಲೇಪನವೂ ಕಿತ್ತಿದ್ದರೆ ನಿಲ್ಲಿಸಿ. ಕ್ರ್ಯಾಂಕ್, ಸಿಲಿಂಡರ್ ಎರಡೂ ಸೇರಿದರೆ ಹೊಸ ಯಂತ್ರದ ಅರ್ಧ ಬೆಲೆ ದಾಟುತ್ತದೆ. ಆಗ ಕಾಯಿಲ್, ಫ್ಯಾನ್, ಕಾರ್ಬೊರೇಟರ್ ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ. ಸದ್ಯ ಸೈಲೆನ್ಸರ್ ಬಿಚ್ಚಿ, ಪಿಸ್ಟನ್ನಿನ ಎರಡೂ ಮಗ್ಗುಲಿನ ಫೋಟೊ ತೆಗೆದು ಕಳಿಸಿ. ಮೆಕ್ಯಾನಿಕ್ ಹತ್ತಿರ ಮೊದಲಿನ ಹಳೆಯ ಪಿಸ್ಟನ್ ಇನ್ನೂ ಇದ್ದರೆ ಅದರದ್ದೂ ಬೇಕು. ಎರಡರ ಗೀರೂ ಒಂದೇ ಕಡೆ ಇದ್ದರೆ ಅರ್ಧ ಹುಡುಕಾಟ ಅಲ್ಲೇ ಮುಗಿಯುತ್ತದೆ.